ವಿಸರ್ಜನೆಯಾಗದ ಗುಜರಿ

ಬೋರಿವಲಿ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಅರ್ಧ ಗಂಟೆ ನಡೆದರೆ, ಆ ಕಾಲದಲ್ಲಿ, ನನ್ನ ಅಣ್ಣನವರ ವಾಡಿ ಸಿಗುತ್ತಿತ್ತು. ಒಂದು ಬಾವಿ, ಒಂದೂವರೆ ಎಕರೆ ತೋಟ, ಹಿಂಬದಿಯಲ್ಲಿ ಬಾಳೆ, ಬದುವಿನ ಮೇಲೆ ಪೂಜೆಗೆಂದು ನೆಟ್ಟ ಕರವೀರ ಮತ್ತು ತುಳಸಿ. ಪರೇಲಿನಲ್ಲಿ ಅಣ್ಣನವರು ನಡೆಸುತ್ತಿದ್ದ ಹೋಟೆಲಿಗೆ ಬಾಳೆಎಲೆಯೂ ಸೊಪ್ಪೂ ಇಲ್ಲಿಂದಲೇ ಬೆಳಗಿನ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಹೋಗುತ್ತಿದ್ದವು. ನಾನು ವಿಲೆ ಪಾರ್ಲೆಯ ಚಾಳೊಂದರಲ್ಲಿದ್ದುಕೊಂಡು ಅಲ್ಲಿಯ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ಭಾನುವಾರ ಬಂತೆಂದರೆ ವಾಡಿಗೆ ಹೋಗಿ ಬಾವಿಯ ನೀರಿನಲ್ಲಿ ಮಿಂದು, ತುಳಸಿಕಟ್ಟೆಯ ಬಳಿ ಕುಳಿತು ಜಪ ಮಾಡುವುದು ನನ್ನ ನಿಯಮ. ಮುಂಬಯಿಯಲ್ಲಿ ತಣ್ಣೀರಿನ ಸ್ನಾನಕ್ಕೆ ಸರದಿಯಲ್ಲಿ ನಿಲ್ಲಬೇಕಾಗಿಲ್ಲದ ಸ್ಥಳವೆಂದರೆ ನನ್ನ ಪಾಲಿಗೆ ಅದೊಂದೇ ಆಗಿತ್ತು.

ಆದರೆ ತುಳಸಿಕಟ್ಟೆಯನ್ನು ಮುಟ್ಟಬೇಕಾದರೆ ಮೊದಲು ಗುಜರಿಯನ್ನು ದಾಟಬೇಕಿತ್ತು. ಮುಂಬಯಿಯವರು ಅದನ್ನು ಭಂಗಾರ ಎನ್ನುತ್ತಾರೆ. ರಸ್ತೆಯ ಬದಿಯಿಂದ ಬಾವಿಯವರೆಗೆ, ವಾಡಿಯ ಮೂರರಲ್ಲೊಂದು ಪಾಲನ್ನು ಅದು ಆವರಿಸಿಕೊಂಡಿತ್ತು. ಮೋಟಾರು ಬಂದ ಮೇಲೆ ಕೆಲಸ ಕಳೆದುಕೊಂಡ ಸೀಮೆಎಣ್ಣೆಯ ಪಂಪಿನ ಇಂಜಿನ್ನು, ಅದಕ್ಕೂ ಮೊದಲು ನೀರೆತ್ತುತ್ತಿದ್ದ ರಹಾಟಿನ ಕಬ್ಬಿಣದ ಚಕ್ರ, ಅದರ ತೂತು ಬಿದ್ದ ಡಬ್ಬಿಗಳ ಸಾಲು, ಮುರಿದ ನೇಗಿಲು ಎರಡು, ಗಾಡಿಯ ಗಾಲಿಗಳು, ತಳವಿಲ್ಲದ ನೀರಿನ ಝಾರಿಗಳು. ಇಷ್ಟು ತೋಟದ್ದು. ಹೋಟೆಲಿನಿಂದ ಬಂದದ್ದು ಬೇರೆ. ಗ್ರೈಂಡರು ಬಂದಾಗ ನಾಲ್ಕು ರುಬ್ಬುವ ಕಲ್ಲುಗಳು ಬಂದವು. ಗ್ಯಾಸು ಬಂದಾಗ ಇದ್ದಿಲಿನ ಒಲೆಗಳು ಬಂದವು. ಸನ್‌ಮೈಕಾದ ಮೇಜು ಬಂದಾಗ ಕಾಲು ಮುರಿದ ಮಾರ್ಬಲ್ ಮೇಜುಗಳು ಬಂದವು. ಹೋಟೆಲಿನಲ್ಲಿ ಹೊಸದೊಂದು ಬಂತೆಂದು ಕೇಳಿದರೆ ಸಾಕು, ಹಳೆಯದು ಎಲ್ಲಿಗೆ ಹೋಗುವುದೆಂದು ನನಗೆ ಗೊತ್ತಿತ್ತು.

ವಾಡಿಯನ್ನು ನೋಡಿಕೊಳ್ಳುತ್ತಿದ್ದವಳು ವಿಜಾಪುರದ ಕಡೆಯ ಹೆಂಗಸು. ಗಂಡ ಕಲ್ಲುಕ್ವಾರಿಯಲ್ಲಿ ತೀರಿಕೊಂಡ ಮೇಲೆ ಬಾವಿಯ ಪಕ್ಕದ ಗುಡಿಸಲಿನಲ್ಲಿ ಒಬ್ಬಳೇ ಇದ್ದು, ನೀರು ಹಾಯಿಸಿ, ಕಳೆ ತೆಗೆದು, ಎಲೆ ಕೊಯ್ದು ಕಟ್ಟುಗಳನ್ನು ಸ್ಟೇಷನ್ನಿಗೆ ಹೊತ್ತೊಯ್ಯುತ್ತಿದ್ದಳು. ಆ ಗುಡಿಸಲು ಬಿಟ್ಟರೆ ಅವಳಿಗೆ ಈ ಊರಿನಲ್ಲಿ ತಲೆ ಇಡಲು ಬೇರೆ ಸ್ಥಳವಿರಲಿಲ್ಲ. ಗುಜರಿಯ ಅಡಿಯಲ್ಲಿ ಹಾವು ಮರಿ ಮಾಡಿದೆಯೆಂದು ಅವಳು ಮೂರು ವರ್ಷದಿಂದ ಹೇಳುತ್ತಿದ್ದಳು. ಅಣ್ಣನವರು ಪ್ರತಿ ಸಲವೂ, ಹಾವಿಗೂ ಒಂದು ಜಾಗ ಬೇಕಲ್ಲ ಎಂಬ ಅರ್ಥದ ಏನನ್ನೋ ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಒಂದು ಮಾಘಮಾಸದ ಭಾನುವಾರ ನಾನು ಹೋದಾಗ ಅವಳು ಬದುವಿನ ಮೇಲೆ ಕೈಕಟ್ಟಿ ಕುಳಿತಿದ್ದಳು. ಕೆಲಸವಿಲ್ಲದೆ ಅವಳು ಕುಳಿತದ್ದನ್ನು ನಾನು ಅದುವರೆಗೆ ಕಂಡವನಲ್ಲ. ಆ ಭೂಮಿ ಅಣ್ಣನವರ ಸ್ವಂತದ್ದಲ್ಲ. ಗಿರಗಾಂವಿನ ಶೇಠರೊಬ್ಬರಿಂದ ಬೇಸಾಯಕ್ಕೆಂದು ಗೇಣಿಗೆ ಹಿಡಿದದ್ದು. ಬೇಸಾಯ ನಡೆಯುವವರೆಗೆ ಅವರು ಬಿಡಿಸುವಂತಿಲ್ಲ, ನಿಂತರೆ ಹಿಂದಕ್ಕೆ ಪಡೆಯಬಹುದು. ಸುತ್ತಲಿನ ವಾಡಿಗಳಲ್ಲಿ ಆಗಲೇ ಬಿಲ್ಡಿಂಗುಗಳು ಏಳತೊಡಗಿದ್ದವು. ಶೇಠರು ದೂರು ಕೊಟ್ಟಿದ್ದರು: ತಮ್ಮ ಭೂಮಿಯಲ್ಲಿ ಬೆಳೆಯಿಲ್ಲ, ಭಂಗಾರದ ಗೋದಾಮು ನಡೆಯುತ್ತಿದೆ ಎಂದು. ಊರಿನ ಜಮೀನು ದಾಖಲೆ ಬರೆಯುವ ತಲಾಠಿ ಹಿಂದಿನ ದಿನ ರಸ್ತೆಯಲ್ಲಿ ನಿಂತು ನೋಡಿ, ಎರಡು ವಾರದಲ್ಲಿ ಬಂದು ಕಂಡದ್ದನ್ನು ಕಂಡಂತೆ ಬರೆಯುತ್ತೇನೆಂದು ಅವಳಿಗೆ ಹೇಳಿ ಹೋಗಿದ್ದ. ರಸ್ತೆಯಿಂದ ನೋಡಿದವನಿಗೆ ಕಾಣುವುದೆಲ್ಲ ಗುಜರಿಯೇ. ಹಿಂದಿನ ಬಾಳೆ ಕಾಣಬೇಕಾದರೆ ಇಂಜಿನ್ನಿನ ಮೇಲೆ ಹತ್ತಬೇಕಿತ್ತು.

ಇದಕ್ಕೆ ಪರಿಹಾರ ಸುಲಭವೆಂದು ನಾನು ತಿಳಿದೆ. ಭಂಗಾರವಾಲಾನನ್ನು ಕರೆಸುವುದು, ಲಾರಿ ತುಂಬಿಸುವುದು, ನೆಲ ಅಗೆದು ಏನಾದರೂ ಬಿತ್ತುವುದು. ಎರಡು ದಿನದ ಕೆಲಸ. ಮಧ್ಯಾಹ್ನ ಅಣ್ಣನವರು ಬಂದಾಗ ಅವರಿಗೆ ಹಾಗೆಯೇ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ಭೂಮಿ ಹೋಗಬಾರದು, ಆ ಹೆಂಗಸು ಬೀದಿಗೆ ಬೀಳಬಾರದು, ಎರಡನ್ನೂ ಒಪ್ಪಿದರು. ಆಮೇಲೆ, ಗುಜರಿಯನ್ನು ಮಾತ್ರ ಕೊಡಲಾಗದು ಎಂದರು.

ಅದೇಕೆಂದು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು.

“ದೇವ್ರನ್ನ ಅದ್ರಲ್ಲಿ ಕೂರ್ಸಿದ್ ನೀನ್. ಎಬ್ಸದೆ ಹ್ಯಾಂಗೆ ಕೊಡೂದ್ ಮಾರಾಯ?”

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಮೇಲೆಯೇ ಬಂದ ಬೇಸರವನ್ನು ಹೇಗೆ ವರ್ಣಿಸಲಿ?

ಪ್ರತಿ ವರ್ಷ ಮಹಾನವಮಿಯಂದು ಬೆಳಿಗ್ಗೆ ಹೋಟೆಲಿನಲ್ಲೂ ಆಮೇಲೆ ವಾಡಿಯಲ್ಲೂ ಆಯುಧಪೂಜೆ ನಡೆಯುತ್ತಿತ್ತು. ಹೋಟೆಲಿನ ಪಾತ್ರೆ ಪರಡಿಗಳೂ, ತೋಟದ ಸಲಕರಣೆಗಳೂ ಅಂದು ತೊಳೆಸಿಕೊಂಡು, ಗಂಧ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಪೂಜೆಗೆ ಕೂರುವವನು ನಾನು. ಗುರುಗಳ ಮುಂದೆ ಹನ್ನೆರಡು ವರ್ಷ ಕುಳಿತು ಬಂದವನಾದ್ದರಿಂದ, ಒಂದು ಕಲಶದಲ್ಲಿ ದೇವಿಯನ್ನು ಆವಾಹಿಸಿ ಎಲ್ಲಕ್ಕೂ ಸೇರಿಸಿ ಪೂಜೆ ಮುಗಿಸುವುದು ನನಗೆ ಆಗ ಅಲ್ಪವಾಗಿ ಕಾಣುತ್ತಿತ್ತು. ಒಂದೊಂದು ಸಲಕರಣೆಯ ಮೇಲೂ ಅಕ್ಷತೆಯಿಟ್ಟು, ಒಂದೊಂದರಲ್ಲೂ ಬೇರೆಬೇರೆಯಾಗಿ ಆವಾಹನೆ ಮಾಡುತ್ತಿದ್ದೆ. ಹೋಟೆಲಿನ ಕೆಲಸಗಾರರು ಕೈಮುಗಿದು ನಿಂತು ನೋಡುತ್ತಿದ್ದರು. ನನ್ನ ಉಚ್ಚಾರಣೆಯನ್ನು ನಾನೇ ಆಲಿಸುತ್ತಿದ್ದೆನೆಂಬುದನ್ನು ಈಗ ಮರೆಮಾಚಲಾರೆ. ಕರೆದ ದೇವತೆಯನ್ನು ಮರುದಿನ ಬೆಳಿಗ್ಗೆ ಗೌರವದಿಂದ ಸ್ವಸ್ಥಾನಕ್ಕೆ ಕಳುಹಿಸಬೇಕು. ಅದು ಉದ್ವಾಸನೆ, ಅಂದರೆ ವಿಸರ್ಜನೆ. ಅಕ್ಷತೆ ಹಾಕಿ, ಮಂತ್ರ ಹೇಳಿ, ಪೂಜಿಸಿದ ವಸ್ತುವನ್ನು ಉತ್ತರಕ್ಕೆ ಒಂದಿಷ್ಟು ಸರಿಸಬೇಕು. ಆದರೆ ಮರುದಿನ ವಿಜಯದಶಮಿ. ಪಾರ್ಲೆಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಹತ್ತು ಮನೆಗಳಿಂದ ನನಗೆ ಕರೆ. ನವಮಿಯ ಸಂಜೆಯೇ ಲೋಕಲ್ ಹತ್ತುತ್ತಿದ್ದೆ. ನಾಳೆ ನಾಲ್ಕು ಅಕ್ಷತೆಕಾಳು ಹಾಕಿಬಿಡಿ ಎಂದು ಅಣ್ಣನವರಿಗೆ ಹೇಳಿ ಹೋಗುತ್ತಿದ್ದೆ. ಮಂತ್ರ ಬಾರದವನು ಅಕ್ಷತೆ ಹಾಕಿದರೆ ಅಪಚಾರವೆಂದು ಅವರು ಹಾಕುತ್ತಲೇ ಇರಲಿಲ್ಲ. ಹೀಗೆ ಹದಿನೆಂಟು ನವಮಿಗಳು.

ಅದನ್ನು ಅವರು ಎಂದೂ ಆಡಿರಲಿಲ್ಲ. ತಮ್ಮನ ವಿದ್ಯೆಯಲ್ಲಿ ಕೊರತೆ ತೋರಿಸಿದಂತಾದೀತೆಂದು ಸುಮ್ಮನಿದ್ದು, ಸವೆದದ್ದನ್ನೂ ಮುರಿದದ್ದನ್ನೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದರು. ನಾನೋ, ಅವರ ಲೋಭಕ್ಕೆ ಮರುಗುತ್ತ, ಅಪರಿಗ್ರಹದ ಮೇಲೆ ಶಾಲೆಯಲ್ಲಿ ಪಾಠ ಮಾಡುತ್ತ ಬಂದಿದ್ದೆ.

ಆದರೂ ನಾನು ವಾದಿಸಿದೆ. ದೇವತೆ ಅಷ್ಟು ಕಾಲ ಹಗ್ಗ ಕಟ್ಟಿದಂತೆ ಕೂರುವುದಿಲ್ಲ, ಪೂಜೆ ಮುಗಿದೊಡನೆ ತಾನಾಗಿ ತೆರಳುತ್ತದೆಂದು ಹೇಳುವ ಪಕ್ಷವೂ ಇದೆ ಎಂದೆ. ಹಾಗಿದ್ದರೆ ಕಳುಹಿಸುವ ಮಂತ್ರ ಏಕಿದೆ ಎಂದು ಅವರು ಕೇಳಿದರು. ಹೋಗಲಿ, ಎಲ್ಲಕ್ಕೂ ಒಟ್ಟಿಗೆ ಒಂದು ಉದ್ವಾಸನೆ ಮಾಡಿಬಿಡುತ್ತೇನೆ, ಈಗಲೇ, ಕಾಲು ಗಂಟೆಯಲ್ಲಿ ಎಂದೆ.

“ಒಂದೊಂದಕ್ಕೆ ಬೇರೆ ಬೇರೆ ಕರ್ದವ ಒಟ್ಟಿಗೆ ಕಳ್ಸುದಾ? ಮನೆಗೆ ಬಂದ ನೆಂಟ್ರನ್ನ ಹಿಂಡಾಗಿ ಗೇಟಿಗೆ ಅಟ್ಟುಕಾತ್ತಾ?”

ಒಂದೊಂದಕ್ಕೂ ಬೇರೆಯಾಗಿಯೇ ಉದ್ವಾಸನೆ ಮಾಡಲು ಒಪ್ಪಿಕೊಂಡೆ.

ಸೋಮವಾರವೇ ಆರಂಭಿಸೋಣವೆಂದರೆ ಶಾಲೆಯಲ್ಲಿ ನನಗೆ ರಜೆಯಿಲ್ಲ. ಮಂಗಳವಾರ ಮನೆಯಿಂದ ವಸ್ತುವನ್ನು ಹೊರಗೆ ಕೊಡಬಾರದು. ಶುಕ್ರವಾರವೂ ಕೂಡದು. ಬುಧವಾರ ಬೆಳಿಗ್ಗೆ ರಾಹುಕಾಲ ಅಡ್ಡವಿಲ್ಲವಾದರೂ ಅಣ್ಣನವರ ಜನ್ಮನಕ್ಷತ್ರ. ಇದನ್ನೆಲ್ಲ ಅವರು ಪಂಚಾಂಗ ತೆರೆದು, ಬೆರಳಿಟ್ಟು, ಬಹು ಸಾವಧಾನವಾಗಿ ನನಗೇ ಓದಿ ಹೇಳಿದರು. ಪಂಚಾಂಗವನ್ನು ಅವರಿಗೆ ಓದಲು ಕಲಿಸಿದವನು ನಾನು. ಕಡೆಗೆ ನಾನು ಶಾಲೆಗೆ ಮೂರು ದಿನದ ರಜೆ ಬರೆದುಕೊಟ್ಟು ಗುರುವಾರ ಉದ್ವಾಸನೆ ಆರಂಭಿಸುವುದು, ಶನಿವಾರ ಮುಗಿಸಿ ಅಂದೇ ಲಾರಿಗೆ ಕೊಡುವುದು ಎಂದು ನಿಶ್ಚಯವಾಯಿತು. ತೋಟದಾಕೆ ದೂರದಲ್ಲಿ ನಿಂತು ಕೇಳುತ್ತಿದ್ದವಳು, ತಲಾಠಿಗೂ ಇದೇ ಪಂಚಾಂಗ ಇದ್ದರೆ ಚೆನ್ನಾಗಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೋದಳು.

ಗುರುವಾರ ಬೆಳಿಗ್ಗೆ ಮಿಂದು, ಮಡಿಯುಟ್ಟು, ಪಂಚಪಾತ್ರೆ ಹಿಡಿದು ಗುಜರಿಯ ಮುಂದೆ ನಿಂತೆ. ಮೊದಲು ಝಾರಿಗಳು. ಅಕ್ಷತೆ, ಮಂತ್ರ, ಉತ್ತರಕ್ಕೆ ಸರಿಸುವುದು. ಅಣ್ಣನವರು ಪಕ್ಕದಲ್ಲಿ ಹರಿವಾಣ ಹಿಡಿದು ನಿಂತು, ಒಂದೊಂದು ಮುಗಿದಾಗಲೂ ಕೈಮುಗಿದು, ಆ ಸಲಕರಣೆ ಯಾವ ವರ್ಷ ಬಂತು, ಯಾರು ತಂದರು ಎಂಬುದನ್ನು ನೆನೆಯುತ್ತಿದ್ದರು. ಒಂದು ಝಾರಿಗೆ ಅರ್ಧ ಗಂಟೆ. ಮಧ್ಯಾಹ್ನದ ಹೊತ್ತಿಗೆ ನಾನು ಹನ್ನೊಂದನ್ನು ಮುಗಿಸಿದ್ದೆ, ಬಿಸಿಲು ಏರಿತ್ತು, ಮಂತ್ರದ ವೇಗವೂ ಏರಿತ್ತು.

“ಅಷ್ಟ್ ಗಡಿಬಿಡಿಯಲ್ಲಿ ಕರ್ದಿದ್ಯಾ ನೀನ್ ಅಂದ್?” ಎಂದರು ಅಣ್ಣನವರು.

ಮತ್ತೆ ನಿಧಾನ ಮಾಡಿದೆ. ರುಬ್ಬುವ ಕಲ್ಲುಗಳನ್ನು ಸರಿಸಲು ಹಾರೆ ಬೇಕಾಯಿತು. ಎರಡನೆಯ ಕಲ್ಲಿನ ಅಡಿಯಿಂದ ಹಾವು ಹೊರಟು ಬಾಳೆಯ ಕಡೆಗೆ ಹರಿದುಹೋಯಿತು. ತೋಟದಾಕೆ, ಮೂರು ವರ್ಷದಿಂದ ಹೇಳುತ್ತಿದ್ದೆನಲ್ಲ ಎಂಬಂತೆ ಅಣ್ಣನವರ ಮುಖವನ್ನೊಮ್ಮೆ ನೋಡಿ ಹಾರೆಯನ್ನು ಮೂರನೆಯ ಕಲ್ಲಿಗೆ ಕೊಟ್ಟಳು. ಅಂದು ನನ್ನ ಸೊಂಟ ಹಿಡಿದುಕೊಂಡದ್ದು ಶನಿವಾರವೂ ಬಿಟ್ಟಿರಲಿಲ್ಲ.

ಶನಿವಾರ ಕುರ್ಲಾದಿಂದ ಭಂಗಾರವಾಲಾ ಲಾರಿಯೊಂದಿಗೆ ಹತ್ತು ಗಂಟೆಗೇ ಬಂದ. ಸಾಬರವನು, ನನ್ನಷ್ಟೇ ವಯಸ್ಸಿನವನು. ಇನ್ನೂ ಗಾಲಿಗಳೂ ರಹಾಟೂ ಇಂಜಿನ್ನೂ ಉಳಿದಿದ್ದವು. ಆತ ನಡೆಯುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಕಳಚಿ ಲಾರಿಯ ಅಡಿಯಲ್ಲಿಟ್ಟು, ನೆರಳಿನಲ್ಲಿ ಕುಳಿತುಬಿಟ್ಟ. ತಡವಾಗುತ್ತಿದೆಯೆಂದು ನಾನು ಕ್ಷಮೆ ಕೇಳಿದಾಗ, “ಪಂಡಿತ್‌ಜಿ, ಭಗವಾನ್ ಕೋ ಆರಾಮ್ ಸೇ ಜಾನೇ ದೋ, ಲಾರಿ ಖಡೀ ಹೈ” ಎಂದ. ದೇವರು ನಿಧಾನವಾಗಿ ಹೋಗಲಿ, ಲಾರಿಯೇನೋ ನಿಂತಿದೆಯಲ್ಲ ಎಂಬ ಅವನ ಮಾತಿನಲ್ಲಿ ಕುಚೋದ್ಯವಿತ್ತೋ ಗೌರವವಿತ್ತೋ ತಿಳಿಯಲು ನನಗೆ ಬಿಡುವಿರಲಿಲ್ಲ.

ಇಂಜಿನ್ನಿನ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಅದು ಬಾವಿಯ ದಕ್ಷಿಣದ ದಂಡೆಯಲ್ಲಿ, ನೀರಿಗೆ ಎರಡು ಮೊಳ ದೂರದಲ್ಲಿ, ತುಕ್ಕು ಹಿಡಿದ ಬೋಲ್ಟುಗಳ ಮೇಲೆ ಕುಳಿತಿತ್ತು. ಅಕ್ಷತೆ ಹಾಕಿದೆ, ಮಂತ್ರ ಹೇಳಿದೆ, ಉತ್ತರಕ್ಕೆ ಸರಿಸಬೇಕೆಂದು ಎಲ್ಲರನ್ನೂ ಕರೆದೆ. ತೋಟದಾಕೆ ಅಲ್ಲಾಡಲಿಲ್ಲ.

“ಸ್ವಾಮೇರ, ಬಡಗಣಕ ಬಾವಿ ಐತ್ರಿ. ಅತ್ತಾಗ ನೂಕಿದ್ರ ದ್ಯಾವ್ರು ಎಲ್ಲಿ ಹೋಗ್ತಾನೋ ನನಗ ಗೊತ್ತಿಲ್ಲ, ಇಂಜನ್ ಮಾತ್ರ ಬಾವ್ಯಾಗ ಹೋಗತೈತಿ. ನಾಳಿಂದ ನೀರು ನೀವು ಕೊಡ್ತೀರೇನು?”

ಅಣ್ಣನವರು ನನ್ನನ್ನು ನೋಡಿದರು. ನಾನು ಬಾವಿಯನ್ನು ನೋಡಿದೆ. ಈಶಾನ್ಯವೂ ಆಗಬಹುದೆಂದೆ. ಈಶಾನ್ಯಕ್ಕೆ ಅವಳ ಗುಡಿಸಲಿನ ಗೋಡೆಯಿತ್ತು. ಪೂರ್ವಕ್ಕಾದರೂ ಬಾಧಕವಿಲ್ಲ ಎಂದೆ. ಅಣ್ಣನವರು ಅದಕ್ಕೆ ಆಧಾರ ಕೇಳಿದರು. ಹದಿನೆಂಟು ವರ್ಷ ನಾನು ಹೇಳಿದ್ದನ್ನೆಲ್ಲ ಆಧಾರವಿಲ್ಲದೆ ನಂಬಿದ್ದ ಮನುಷ್ಯ, ಆ ಬಿಸಿಲಿನಲ್ಲಿ, ಲಾರಿ ಕಾಯುತ್ತಿರುವಾಗ, ಆಧಾರ ಕೇಳಿದರು. ಆಗ ನಾನು ಕೋಪದಿಂದ ಪಂಚಪಾತ್ರೆಯನ್ನು ಕೆಳಗಿಟ್ಟುಬಿಟ್ಟೆ. ಕರೆದದ್ದು ತಪ್ಪು, ಕಳುಹಿಸದೆ ಹೋದದ್ದು ಇನ್ನೂ ದೊಡ್ಡ ತಪ್ಪು, ಎರಡೂ ನನ್ನವೇ, ಪಾಪ ಬಂದರೆ ನನಗೆ ಬರಲಿ, ಈ ಹೆಂಗಸಿನ ಗುಡಿಸಲು ಉಳಿಯಲಿ ಎಂದು ಬಡಬಡಿಸಿದೆ. ಅಂಥ ಮಾತನ್ನು ನಾನು ಅಣ್ಣನವರೆದುರು ಎಂದೂ ಆಡಿದವನಲ್ಲ.

ಅವರು ಹರಿವಾಣದಲ್ಲಿ ಉಳಿದಿದ್ದ ಅಕ್ಷತೆಯನ್ನು ಇಂಜಿನ್ನಿನ ಮೇಲೆ ತಾವೇ ಹಾಕಿದರು. ಹದಿನೆಂಟು ವರ್ಷ ಹಾಕಲು ಹೆದರಿದ್ದ ಕೈ.

“ಪೂರ್ವಕ್ಕೇ ನೂಕಿ. ಪಾಪ ಬಂದ್ರೆ ಅರ್ಧ ನಂಗಿರ್ಲಿ” ಎಂದರು.

ಭಂಗಾರವಾಲಾ ಕರೆಯದೆಯೇ ಎದ್ದುಬಂದು ಭುಜ ಕೊಟ್ಟ. ಅವನ ಇಬ್ಬರು ಆಳುಗಳು, ತೋಟದಾಕೆ, ಅಣ್ಣನವರು, ನಾನು, ಎಲ್ಲರೂ ಸೇರಿ ನೂಕಿದಾಗ ಆ ಇಂಜಿನ್ನು ಪೂರ್ವಕ್ಕೆ ಒಂದು ಗೇಣು ಸರಿಯಿತು.

ಇನ್ನು ಮುಗಿಯಿತೆಂದು ಹೆಗಲ ಬಟ್ಟೆಯಿಂದ ಮುಖ ಒರೆಸುತ್ತಿರುವಾಗ ಆಳುಗಳು ರಹಾಟಿನ ಹಿಂದಿನಿಂದ ಒಂದು ಸೈಕಲ್ಲನ್ನು ಎಳೆದು ತಂದರು. ಸೀಟಿಲ್ಲ, ಚೈನಿಲ್ಲ, ಮುಂದಿನ ಗಾಲಿ ಮಡಚಿಹೋಗಿತ್ತು. ಅದು ನನ್ನದು. ಈ ಊರಿಗೆ ಬಂದ ಹೊಸತರಲ್ಲಿ ಅಂಧೇರಿಯಿಂದ ಸಾಂತಾಕ್ರೂಜಿನವರೆಗೆ ಮನೆಮನೆಗೆ ಪಾಠ ಹೇಳಲು ನಾನು ತುಳಿದ ಸೈಕಲ್ಲು. ಚಾಳಿನಲ್ಲಿ ಜಾಗವಿಲ್ಲವೆಂದು, ಸ್ವಲ್ಪ ದಿನಕ್ಕೆಂದು, ನಾನೇ ಇಲ್ಲಿ ತಂದು ನಿಲ್ಲಿಸಿ ಮರೆತಿದ್ದೆ. ಇದೊಂದು ಇರಲಿ, ಸರಿಮಾಡಿಸಿಕೊಳ್ಳುತ್ತೇನೆ ಎಂಬ ಮಾತು ನನ್ನ ಬಾಯಿಂದ ಹೊರಟುಹೋಯಿತು. ತಟ್ಟನೆ ಕೇಳಿದವಳು ತೋಟದಾಕೆ.

“ಅಣ್ಣಾವ್ರ ಗಾಡಿ ಗಾಲಿ ಭಂಗಾರ ಆತು. ನಿಮ್ಮ ಸೈಕಲ್ ಆಗ್ಲಿಲ್ಲೇನ್ರಿ?”

ಭಂಗಾರವಾಲಾನಿಗೆ ಕನ್ನಡ ಬಾರದು, ಆದರೂ ಅವನು ನಕ್ಕ. ಅಕ್ಷತೆ ಮುಗಿದಿತ್ತು. ಅವಳೇ ಗುಡಿಸಲಿನಿಂದ ಒಂದು ಹಿಡಿ ಅಕ್ಕಿ ತಂದುಕೊಟ್ಟಳು. ಅರಿಶಿನ ಬೆರೆಸಿ, ಸೈಕಲ್ಲಿಗೂ ಉದ್ವಾಸನೆ ಮಾಡಿ, ಲಾರಿಗೆ ಹಾಕಲು ನಾನೇ ಎತ್ತಿಕೊಟ್ಟೆ.

ಲಾರಿ ಹೋದ ಮೇಲೆ ಕಂಡ ನೆಲ ನೋಡುವಂತಿರಲಿಲ್ಲ. ವರ್ಷಗಳ ಭಾರಕ್ಕೆ ಕಲ್ಲಿನಂತೆ ಗಟ್ಟಿಯಾಗಿ, ಅಲ್ಲಲ್ಲಿ ಎಣ್ಣೆ ಹೀರಿ ಕಪ್ಪಾಗಿ, ಹುಲ್ಲು ಕೂಡ ಬೆಳೆಯದೆ ಬಿಳಿಚಿಕೊಂಡಿತ್ತು. ತಲಾಠಿ ಬಂದು ಇದನ್ನು ನೋಡಿದರೆ ಗೋದಾಮು ಎಂದು ಬರೆಯದಿದ್ದರೂ ಪಾಳು ಎಂದು ಬರೆಯುತ್ತಾನೆ. ಎರಡರ ಫಲವೂ ಒಂದೇ. ಭಾನುವಾರ ನಾನು ಹೋಗುವ ಹೊತ್ತಿಗೆ ಅವಳು ಕಾಲುಭಾಗ ಅಗೆದಿದ್ದಳು. ನಾನು ಜಪ ಬಿಟ್ಟು ಗುದ್ದಲಿ ಹಿಡಿದೆ. ಅದನ್ನು ಹಿಡಿಯುವ ಕ್ರಮ ಇದಲ್ಲವೆಂದು ಅವಳು ಎರಡು ಸಲ ಕಸಿದುಕೊಂಡು ತೋರಿಸಿಕೊಟ್ಟಳು. ಅಣ್ಣನವರು ಕುರ್ಚಿ ಹಾಕಿಕೊಂಡು ಕುಳಿತು ಬೀಜದ ಮೆಂತ್ಯವನ್ನು ನೀರಿನಲ್ಲಿ ನೆನೆಹಾಕಿದರು. ಕಪ್ಪು ಮಣ್ಣನ್ನು ತೆಗೆದುಹಾಕಿ, ಬಾಳೆಯ ಬುಡದಿಂದ ಒಳ್ಳೆಯ ಮಣ್ಣು ಹೊತ್ತು ತಂದು ಹರಡಿ, ಸೋಮವಾರ ಸಂಜೆಯೊಳಗೆ ಅವಳು ಬಿತ್ತಿ ಮುಗಿಸಿದಳೆಂದು ಆಮೇಲೆ ಕೇಳಿದೆ.

ತಲಾಠಿ ಬಂದದ್ದು ಮುಂದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ನಾನು ಓಡಿದ್ದೆ. ಅವನು ರಸ್ತೆಯಲ್ಲಿ ನಿಂತು, ತಾನು ಬೇರೆ ವಾಡಿಗೆ ಬಂದೆನೇ ಎಂಬಂತೆ ಅತ್ತಿತ್ತ ನೋಡಿ, ಒಳಗೆ ಬಂದ. ಮಡಿಗಳ ಮೇಲೆ ಎರಡೆರಡು ಎಲೆಯ ಮೆಂತ್ಯ ಎದ್ದಿತ್ತು. ಎಣ್ಣೆ ಆಳಕ್ಕೆ ಇಳಿದಿದ್ದ ಕಡೆ ಮಾತ್ರ ಬೋಳು. ಅವನು ಬೋಳಿನ ಬಳಿಯೇ ನಿಂತು, ಇದೇಕೆ ಹೀಗೆಂದು ಕೇಳಿದ. ನಾನು ವಿವರಿಸಲು ಬಾಯಿ ತೆರೆದೆ; ವಿವರಿಸಿದ್ದರೆ ಆಯುಧಪೂಜೆಯಿಂದಲೇ ಆರಂಭಿಸುತ್ತಿದ್ದೆನೇನೋ. ಅವಳು ನನ್ನನ್ನು ದಾಟಿಕೊಂಡು ಮುಂದೆ ಬಂದು, ತನ್ನ ಹರುಕು ಮರಾಠಿಯಲ್ಲಿ, ಅಲ್ಲಿ ಇನ್ನೊಮ್ಮೆ ಮಣ್ಣು ಹಾಕಬೇಕು, ಹಾಕುತ್ತೇನೆ ಎಂದಳು. ಅವನು ಬಗ್ಗಿ ಒಂದು ಸಸಿಯನ್ನು ಬೆರಳಿನಿಂದ ಮುಟ್ಟಿದ. ಹಿಂದಕ್ಕೆ ಹೋಗಿ ಬಾಳೆಯನ್ನೂ ನೋಡಿ ಬಂದ. ಬಗಲಿನ ದಪ್ಪ ಪುಸ್ತಕ ತೆಗೆದು ನಿಂತಲ್ಲೇ ಬರೆದ.

ಅವನು ಪುಸ್ತಕ ಮುಚ್ಚುವ ಮೊದಲೇ ಅವಳು, ಏನು ಬರೆದಿರಿ, ಓದಿ ಹೇಳಿ ಎಂದಳು. ಅವನಿಗೆ ಮುಜುಗರವಾಯಿತು. ಆದರೂ ಓದಿದ: ಬಾಳೆ, ಮೆಂತ್ಯ, ಬಾವಿಯ ನೀರಾವರಿ, ಸಾಗುವಳಿಯಲ್ಲಿದೆ. ಅವಳು ಅಣ್ಣನವರ ಕಡೆಗೆ ತಿರುಗಿ, ಸರಿಯಾಗಿ ಓದಿದನೇ ಎಂದು ಕಣ್ಣಿನಲ್ಲೇ ಕೇಳಿದಳು. ಅಣ್ಣನವರು ನನ್ನತ್ತ ಕೈ ತೋರಿದರು. ನಾನು ಕನ್ನಡಕ ಹಾಕಿಕೊಂಡು, ಆ ಸರ್ಕಾರಿ ಪುಸ್ತಕದ ಮೇಲೆ ಬಗ್ಗಿ, ಶಬ್ದ ಶಬ್ದವನ್ನೂ ನೋಡಿ, ಹೌದೆಂದೆ. ಇನ್ನೊಮ್ಮೆ ಓದಿ ಎಂದಳು. ಈ ಸಲ ನಾನು ಓದಿದೆ, ನಿಧಾನವಾಗಿ, ಅವಳ ಕಡೆಯ ಕನ್ನಡಕ್ಕೆ ತಿರುಗಿಸಿ. ಅವಳು ತಲೆದೂಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೋಳು ಬಿದ್ದಲ್ಲಿಗೆ ಮಣ್ಣು ತರಲು ಬುಟ್ಟಿ ಎತ್ತಿಕೊಂಡು ಹೋದಳು.